ಆರೋಗ್ಯ ಮಾಲಿಕೆ: ‘ಶಾಲೆಗೆ ಹೋಗಲ್ಲ’ ಎನ್ನುವ ಮಗುವನ್ನು ಬೈಯುವ ಮೊದಲು ಈ ಆರು ವಿಷಯ ನೋಡಿ

*(6, 7, 8ನೇ ತರಗತಿ ಮಕ್ಕಳ ತಂದೆತಾಯಿಗಳಿಗೆ)*



ಐದನೇ ತರಗತಿಯವರೆಗೆ ಚುರುಕಾಗಿದ್ದ ಮಗು ಆರನೇ ತರಗತಿಗೆ ಬಂದ ಮೇಲೆ ಮಂಕಾಗಿದೆ, ಬೆಳಿಗ್ಗೆ ಎಬ್ಬಿಸಿದರೆ ಏಳುವುದಿಲ್ಲ, ಸೋಮವಾರ ಬಂತೆಂದರೆ ಹೊಟ್ಟೆನೋವು, ಪುಸ್ತಕ ಹಿಡಿದರೆ ತಲೆನೋವು ಎಂಬ ಮಾತು ಬಹಳ ಮನೆಗಳಲ್ಲಿ ಕೇಳಿಬರುತ್ತದೆ. ನಾವು ಅದಕ್ಕೆ ಥಟ್ಟನೆ ‘ಸೋಮಾರಿತನ’, ‘ಮೊಬೈಲ್ ಹುಚ್ಚು’ ಎಂದು ಹೆಸರಿಡುತ್ತೇವೆ. ಆದರೆ ಈ ವಯಸ್ಸಿನಲ್ಲಿ ಓದಿನ ಮೇಲಿನ ಆಸಕ್ತಿ ಕುಗ್ಗಲು ಎಷ್ಟೋ ಸಲ ದೇಹದಲ್ಲೇ ಕಾರಣ ಇರುತ್ತದೆ, ಇಲ್ಲವೆ ಶಾಲೆಯಲ್ಲಿ ಮಗು ಒಂಟಿಯಾಗಿರುತ್ತದೆ.

11ರಿಂದ 14ನೇ ವಯಸ್ಸಿನಲ್ಲಿ ದೇಹ ವೇಗವಾಗಿ ಬೆಳೆಯುತ್ತದೆ. ಅದೇ ಹೊತ್ತಿಗೆ ಒಬ್ಬ ಟೀಚರ್ ಬದಲು ವಿಷಯಕ್ಕೊಬ್ಬ ಟೀಚರ್ ಬರುತ್ತಾರೆ. ಊರು ಬಿಟ್ಟು ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗೆ ಬಂದ ನಮ್ಮ ಮಕ್ಕಳಿಗೆ ಇವುಗಳ ಜೊತೆ ಹೊಸ ಭಾಷೆಯೂ ಸೇರುತ್ತದೆ. ಇನ್ನೊಂದು ಮಾತು ನೆನಪಿರಲಿ. ಶಿಕ್ಷಣ ಹಕ್ಕು ಕಾಯ್ದೆಯ ಉಚಿತ, ಕಡ್ಡಾಯ ಶಿಕ್ಷಣದ ಭರವಸೆ 6ರಿಂದ 14 ವರ್ಷದವರೆಗೆ, ಅಂದರೆ ಎಂಟನೇ ತರಗತಿಯವರೆಗೆ ಮಾತ್ರ. ಅಷ್ಟರೊಳಗೆ ಶಾಲೆಯ ಮೇಲೆ ಮನಸ್ಸು ಮುರಿದುಕೊಂಡ ಮಗು ಒಂಬತ್ತನೇ ತರಗತಿಗೆ ಹೋಗದೆ ಕೆಲಸಕ್ಕೆ ಸೇರಿಬಿಡುವ ಸಾಧ್ಯತೆ ಹೆಚ್ಚು. ಆದ್ದರಿಂದ ಬೈಯುವ ಮೊದಲು ಈ ಆರು ವಿಷಯಗಳನ್ನು ಒಂದೊಂದಾಗಿ ನೋಡಿ.

*1. ನಿದ್ದೆ*

12 ವರ್ಷದವರೆಗಿನ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13 ದಾಟಿದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಬೆಳಿಗ್ಗೆ 6ಕ್ಕೆ ಏಳಬೇಕಾದ 12 ವರ್ಷದ ಮಗು ರಾತ್ರಿ 9ಕ್ಕೆ ಮಲಗಿರಬೇಕು. ಆದರೆ ದೇಹ ಪ್ರೌಢವಾಗುವ ಈ ಹಂತದಲ್ಲಿ ನಿದ್ದೆ ತರಿಸುವ ಹಾರ್ಮೋನ್ ರಾತ್ರಿ ತಡವಾಗಿ ಸ್ರವಿಸುತ್ತದೆ. ‘ನಿದ್ದೆ ಬರ್ತಿಲ್ಲ’ ಎಂದು ಮಗು ಹೇಳಿದರೆ ಅದು ಸುಳ್ಳಲ್ಲ. ಒಂದೇ ಕೋಣೆಯ ಮನೆಯಲ್ಲಿ 11ರವರೆಗೆ ಟಿವಿ ಓಡುತ್ತಿದ್ದರೆ ಇದು ಇನ್ನೂ ಕಷ್ಟವಾಗುತ್ತದೆ. ಮಲಗುವ ಒಂದು ಗಂಟೆ ಮೊದಲು ಮಗುವಿನ ಕೈಯಿಂದ ಮೊಬೈಲ್ ತೆಗೆದಿಡಿ. ಟಿವಿ, ದೊಡ್ಡ ಲೈಟು ಆರಿಸಿ. ಭಾನುವಾರವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಎಬ್ಬಿಸಿ.

*2. ರಕ್ತಹೀನತೆ ಮತ್ತು ಊಟ*

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59, ಹುಡುಗರಲ್ಲಿ ಶೇ. 31 ಮಂದಿಗೆ ರಕ್ತಹೀನತೆ ಇತ್ತು. ಮಕ್ಕಳು ವೇಗವಾಗಿ ಬೆಳೆಯುವ ಈ ವಯಸ್ಸಿನಲ್ಲೇ ಕಬ್ಬಿಣಾಂಶದ ಅಗತ್ಯ ಹೆಚ್ಚುವುದರಿಂದ ಈಗಲೇ ಎಚ್ಚರ ವಹಿಸಬೇಕು. ಬೇಗ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಪಾಠದಲ್ಲಿ ಗಮನ ನಿಲ್ಲದಿರುವುದು, ಬಿಳಚಿದ ಕಣ್ಣಿನ ಒಳರೆಪ್ಪೆ ಕಂಡರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 12ರಿಂದ 14 ವರ್ಷದವರಿಗೆ ಅದು 12ಕ್ಕಿಂತ ಕಡಿಮೆ ಇರಬಾರದು.

ಖಾಲಿ ಹೊಟ್ಟೆಯಲ್ಲಿ ಶಾಲೆಗೆ ಕಳಿಸಬೇಡಿ. ರಾತ್ರಿ ಉಳಿದ ರೊಟ್ಟಿಗೆ ಶೇಂಗಾ ಚಟ್ನಿ, ಅವಲಕ್ಕಿ, ಒಂದು ಬಾಳೆಹಣ್ಣು ಇಷ್ಟಿದ್ದರೂ ಆಯಿತು. ಹುರಳಿ, ನುಗ್ಗೆಸೊಪ್ಪು, ಹರಿವೆಸೊಪ್ಪು, ಎಳ್ಳು ಆಗಾಗ ಇರಲಿ. ಹುರಳಿಗೆ ಚೆನ್ನೈನಲ್ಲಿ ಕೊಳ್ಳು, ಹೈದರಾಬಾದಿನಲ್ಲಿ ಉಲವಲು, ದೆಹಲಿಯಲ್ಲಿ ಕುಲ್ಥಿ, ಮುಂಬೈ-ಪುಣೆಯಲ್ಲಿ ಕುಳೀಥ್ ಎಂದು ಕೇಳಿದರೆ ಕೊಡುತ್ತಾರೆ. ಊಟಕ್ಕೆ ನಿಂಬೆರಸ ಹಿಂಡಿಕೊಂಡರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಹತ್ತುವುದಿಲ್ಲ. ಒಂದು ಗಂಟೆ ಅಂತರವಿರಲಿ.

ಸರ್ಕಾರಿ ಶಾಲೆಯಲ್ಲಿ ಆರನೇ ತರಗತಿಯಿಂದ ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ, ವರ್ಷಕ್ಕೆರಡು ಸಲ ಜಂತುಹುಳುವಿನ ಮಾತ್ರೆ ಉಚಿತವಾಗಿ ಕೊಡುವ ಕಾರ್ಯಕ್ರಮವಿದೆ. ನೀಲಿ ಮಾತ್ರೆಯನ್ನು ಊಟದ ನಂತರ ನುಂಗಬೇಕು. ಮಲ ಕಪ್ಪಗಾದರೆ ಹೆದರಬೇಡಿ, ಅದು ಮಾತ್ರೆಯಿಂದ ಆಗುವುದು. ‘ಆ ಮಾತ್ರೆ ತಗೋಬೇಡ’ ಎಂದು ಮನೆಯಿಂದ ಹೇಳಿ ಕಳಿಸಬೇಡಿ.

*3. ಕಣ್ಣು*

ಕಪ್ಪುಹಲಗೆ ಮಸುಕಾಗಿ ಕಾಣುವ ಮಗು ಅದನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ಎಲ್ಲರಿಗೂ ಹೀಗೇ ಕಾಣುತ್ತದೆ ಎಂದುಕೊಂಡಿರುತ್ತದೆ. ಕಣ್ಣು ಕಿರಿದು ಮಾಡಿ ನೋಡುವುದು, ಪಕ್ಕದವರ ನೋಟ್ಸ್ ನೋಡಿ ಬರೆಯುವುದು, ಸಂಜೆ ತಲೆನೋವು ಇದರ ಗುರುತು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವರ್ಷಕ್ಕೊಮ್ಮೆ ವೈದ್ಯಕೀಯ ತಂಡ ಬಂದು ತಪಾಸಣೆ ಮಾಡಬೇಕು. ಯಾವಾಗ ಬರುತ್ತದೆ ಎಂದು ಶಾಲೆಯಲ್ಲಿ ಕೇಳಿಟ್ಟುಕೊಳ್ಳಿ. ದಿನಕ್ಕೆ ಒಂದು ಗಂಟೆಯಾದರೂ ಮಗು ಬಯಲಲ್ಲಿ ಆಡಲಿ. ಕಣ್ಣಿಗೂ ಒಳ್ಳೆಯದು, ರಾತ್ರಿ ನಿದ್ದೆಯೂ ಬರುತ್ತದೆ.

*4. ನೀರು, ಶೌಚಾಲಯ, ಮುಟ್ಟು*

ಸಂಜೆ ಮಗುವಿನ ನೀರಿನ ಬಾಟಲಿ ನೋಡಿ. ತುಂಬಿದ್ದು ತುಂಬಿದ ಹಾಗೇ ವಾಪಸ್ ಬಂದಿದೆಯೆ? ಶಾಲೆಯ ಶೌಚಾಲಯ ಗಲೀಜಾಗಿದೆ ಎಂದೋ, ಬಾಗಿಲಿಗೆ ಚಿಲಕವಿಲ್ಲ ಎಂದೋ ಎಷ್ಟೋ ಮಕ್ಕಳು ದಿನವಿಡೀ ನೀರು ಕುಡಿಯುವುದಿಲ್ಲ. ಇದರಿಂದ ತಲೆನೋವು, ಮಲಬದ್ಧತೆ, ಉರಿಮೂತ್ರ ಬರುತ್ತವೆ. ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ 10ರಿಂದ 15 ವರ್ಷದೊಳಗೆ ಮುಟ್ಟು ಶುರುವಾಗುತ್ತದೆ. ಊರಲ್ಲಿ ಅಜ್ಜಿ, ಅತ್ತೆ, ದೊಡ್ಡಮ್ಮ ಹೇಳಿಕೊಡುತ್ತಿದ್ದರು. ಇಲ್ಲಿ ಅದು ನಿಮ್ಮದೇ ಕೆಲಸ. ಶುರುವಾಗುವ ಮೊದಲೇ ತಿಳಿಸಿ, ಚೀಲದಲ್ಲಿ ಒಂದು ಪ್ಯಾಡ್ ಇಟ್ಟಿರಿ. ಪ್ರತಿ ತಿಂಗಳೂ ಎರಡು ಮೂರು ದಿನ ಶಾಲೆ ತಪ್ಪುತ್ತಿದ್ದರೆ ನೋವಿಗೆ ವೈದ್ಯರನ್ನು ಕಾಣಿ.

*5. ಭಾಷೆ*

ಮಹಾರಾಷ್ಟ್ರದಲ್ಲಿ ಮರಾಠಿ, ತೆಲಂಗಾಣದಲ್ಲಿ ತೆಲುಗು, ತಮಿಳುನಾಡಿನಲ್ಲಿ ತಮಿಳು ಕಲಿಕೆಯನ್ನು ಕಾನೂನಿನ ಮೂಲಕವೇ ಕಡ್ಡಾಯ ಮಾಡಲಾಗಿದೆ. ನಡುವೆ ಬಂದು ಸೇರಿದ ಮಗು ಆ ಪಾಠದಲ್ಲಿ ಹಿಂದೆ ಬೀಳುವುದು ಸಹಜ, ಅದು ದಡ್ಡತನವಲ್ಲ. ರಾತ್ರಿ ಊಟದ ಹೊತ್ತಿಗೆ ‘ಇವತ್ತು ವಿಜ್ಞಾನದಲ್ಲಿ ಏನು ಹೇಳಿಕೊಟ್ರು? ನನಗೆ ಕನ್ನಡದಲ್ಲಿ ಹೇಳು’ ಎಂದು ಕೇಳಿ. ಕನ್ನಡದಲ್ಲಿ ಹೇಳಲು ಬಂದರೆ ಪಾಠ ಅರ್ಥವಾಗಿದೆ, ಅಲ್ಲಿಯ ಭಾಷೆಯ ಪದ ಮಾತ್ರ ಕಲಿಯಬೇಕಿದೆ. ಕನ್ನಡದಲ್ಲೂ ಬಾರದಿದ್ದರೆ ಟೀಚರ್ ಸಹಾಯ ಬೇಕು. ಇದನ್ನು ಕೇಳಲು ನೀವು ಓದಿರಬೇಕಾಗಿಲ್ಲ.

ಬ್ಯಾಂಕಿಗೆ, ಆಸ್ಪತ್ರೆಗೆ ಭಾಷೆ ಹೇಳಲು ಮಗುವನ್ನು ಶಾಲೆ ಬಿಡಿಸಿ ಕರೆದುಕೊಂಡು ಹೋಗಬೇಡಿ. ಊರಿನ ಜಾತ್ರೆ, ಮದುವೆಗೆ ಹೋಗುವುದನ್ನು ಆದಷ್ಟು ರಜೆಗೆ ಹೊಂದಿಸಿಕೊಳ್ಳಿ. ಶಾಲೆ ಬದಲಿಸಬೇಕಾಗಿ ಬಂದಾಗ ಟಿ.ಸಿ. ಬರುವುದು ತಡವಾಯಿತೆಂದು ಎಂಟನೇ ತರಗತಿಯವರೆಗಿನ ಮಗುವಿಗೆ ಸರ್ಕಾರಿ, ಅನುದಾನಿತ ಶಾಲೆಗಳು ಪ್ರವೇಶ ನಿರಾಕರಿಸುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಹೀಗಿದೆ.

*6. ಒಬ್ಬ ಗೆಳೆಯ, ಒಬ್ಬ ಟೀಚರ್*

‘ಎಷ್ಟು ಮಾರ್ಕ್ಸ್ ಬಂತು?’ ಎನ್ನುವ ಬದಲು ‘ಊಟದ ಹೊತ್ತಲ್ಲಿ ಯಾರ ಜೊತೆ ಕೂತಿದ್ದೆ?’ ಎಂದು ಕೇಳಿ ನೋಡಿ. ‘ಯಾರೂ ಇಲ್ಲ’ ಎಂಬ ಉತ್ತರ ವಾರಗಟ್ಟಲೆ ಬಂದರೆ, ಮಾತಿನ ಧಾಟಿಗೋ ಬಣ್ಣಕ್ಕೋ ಯಾರಾದರೂ ಅಣಕಿಸುತ್ತಿದ್ದಾರೆಯೆ ಎಂದು ಮೆಲ್ಲಗೆ ವಿಚಾರಿಸಿ. ಖೋಖೋ, ಕಬಡ್ಡಿ, ಹಾಡು, ಚಿತ್ರ ಹೀಗೆ ಒಂದರಲ್ಲಾದರೂ ಮಗು ಸೇರಿಕೊಳ್ಳಲಿ. ಆಟಕ್ಕೆ ಭಾಷೆಯ ಅಡ್ಡಿ ಕಡಿಮೆ, ಗೆಳೆತನ ಅಲ್ಲಿಂದಲೇ ಶುರುವಾಗುತ್ತದೆ. ಪಾಲಕರ ಸಭೆಗೆ ಒಂದು ದಿನದ ಕೂಲಿ ಹೋದರೂ ಒಬ್ಬರಾದರೂ ಹೋಗಿ. ಭಾಷೆ ಬಾರದಿದ್ದರೂ ಪರವಾಗಿಲ್ಲ. ತಂದೆತಾಯಿಯ ಮುಖ ಪರಿಚಯವಿದ್ದರೆ ಟೀಚರಿಗೆ ಮಗುವಿನ ಕಡೆ ಗಮನ ಹೆಚ್ಚು. ಮಗುವಿನ ಹೆಸರು ಹಿಡಿದು ಮಾತಾಡಿಸುವ ಒಬ್ಬ ಟೀಚರ್ ಇದ್ದರೂ ಶಾಲೆಗೆ ಹೋಗುವ ಮನಸ್ಸು ಉಳಿಯುತ್ತದೆ.

*ತಡ ಮಾಡದೆ ಸಹಾಯ ಕೇಳಬೇಕಾದ ಲಕ್ಷಣಗಳು*

ತೂಕ ಇಳಿಯುತ್ತಿದೆ, ಎರಡು ವಾರದಿಂದ ಯಾವುದರಲ್ಲೂ ಉತ್ಸಾಹವಿಲ್ಲ, ಆಟವನ್ನೂ ಬಿಟ್ಟಿದೆ ಎಂದರೆ ವೈದ್ಯರ ಬಳಿ ಹೋಗಿ. ‘ನಾನು ಇರಬಾರದಿತ್ತು’ ಎಂಬಂಥ ಮಾತು ಬಂದರೆ ಅದೇ ದಿನ ಕರೆದುಕೊಂಡು ಹೋಗಿ, ಒಂಟಿಯಾಗಿ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ *14416* ದಿನದ 24 ಗಂಟೆಯೂ ಉಚಿತ. ಮಾತಾಡುವ ಭಾಷೆ ಆರಿಸಿಕೊಳ್ಳಬಹುದು. ಮಗುವಿಗೆ ಹಿಂಸೆ, ಕಿರುಕುಳ ಆಗುತ್ತಿದ್ದರೆ ಮಕ್ಕಳ ಸಹಾಯವಾಣಿ *1098*.

ಈ ಆರನ್ನೂ ಒಂದೇ ದಿನ ಸರಿಪಡಿಸಲು ಹೊರಡಬೇಡಿ. ಈ ವಾರ ನಿದ್ದೆ ಮತ್ತು ನೀರಿನ ಬಾಟಲಿ ನೋಡಿ. ಮುಂದಿನ ವಾರ ರಕ್ತ, ಕಣ್ಣು ತೋರಿಸಿ. ಆಮೇಲೆ ಶಾಲೆಗೆ ಹೋಗಿ ಟೀಚರ್ ಜೊತೆ ಮಾತಾಡಿ.

ಈ ವಯಸ್ಸಿನ ಮಕ್ಕಳಿರುವ ನಿಮ್ಮ ಪರಿಚಯದ ಕನ್ನಡ ಮನೆಗಳಿಗೆ ಇದನ್ನು ಕಳಿಸಿ. ಓದಲು ಬಾರದವರಿಗೆ ಓದಿ ಹೇಳಿ.