ಪುಟ್ಟ ರಣರಂಗಕ್ಕೆ ರೈಲುಹಳಿ

ಟ್ಯಾಂಕು, ಫಿರಂಗಿ, ಸೈನ್ಯದ ಲಾರಿ ಮೊದಲಾದವುಗಳ ಚಿಕ್ಕ ಪ್ರತಿಕೃತಿಗಳನ್ನು ಕಟ್ಟುವುದು ಅನೇಕರಿಗೆ ಪ್ರಿಯವಾದ ಹವ್ಯಾಸ. ಹೀಗೆ ಕಟ್ಟಿದುದನ್ನು ಬರಿಯ ಹಲಗೆಯ ಮೇಲಿಟ್ಟರೆ ಅದು ಅಂಗಡಿಯ ಬೊಂಬೆಯಂತೆ ಕಾಣುತ್ತದೆ. ಅದಕ್ಕೊಂದು ನೆಲೆ ಬೇಕು. ರೈಲಿನಲ್ಲಿ ಸಾಗುವ ಟ್ಯಾಂಕನ್ನು ತೋರಿಸಬೇಕಾದರಂತೂ ಹಳಿಯಿಲ್ಲದೆ ಆಗದು. ಆ ಹಳಿಯನ್ನು ಎಲ್ಲಿಂದ ತರುವುದು? ಸುಲಭವೆಂದು ತೋರುವ ಈ ಪ್ರಶ್ನೆಯಲ್ಲಿ ಸ್ವಲ್ಪ ಗಣಿತವೂ ಸ್ವಲ್ಪ ಭೌತಶಾಸ್ತ್ರವೂ ಬಹಳಷ್ಟು ಇತಿಹಾಸವೂ ಅಡಗಿವೆ.

ಮೊದಲ ಸಲ ಈ ಕೆಲಸಕ್ಕೆ ಕೈಹಾಕಿದಾಗ ನಾನು ನಿಜದ 35ರಲ್ಲಿ ಒಂದು ಪಾಲಿನಷ್ಟು ದೊಡ್ಡದಾದ ಜರ್ಮನ್ ವ್ಯಾಗನ್ನೊಂದನ್ನು ಕಟ್ಟಿ, ಅದಕ್ಕೆಂದು 45 ಮಿ.ಮೀ. ಅಗಲದ ಆಟಿಕೆ ರೈಲಿನ ಹಳಿಯನ್ನು ಕೊಂಡು ತಂದೆ. ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಂಡಿತು. ವ್ಯಾಗನ್ನನ್ನು ಮೇಲಿಟ್ಟು ಬೆರಳಿನಿಂದ ಕೊಂಚ ತಳ್ಳಿದೊಡನೆ ಒಂದು ಬದಿಯ ಚಕ್ರಗಳು ಕಂಬಿಯಿಂದ ಜಾರಿ ಸ್ಲೀಪರುಗಳ ಮೇಲೆ ಕುಳಿತುಬಿಟ್ಟವು. ಭೌತಶಾಸ್ತ್ರವನ್ನು ಬೋಧಿಸುವ ನಾನು ಒಂದೇ ಒಂದು ಗುಣಾಕಾರವನ್ನು ಮಾಡದೆ ಹಣ ತೆತ್ತಿದ್ದೆ!

ಒಂದು ಗುಣಾಕಾರ

ಎರಡು ಕಂಬಿಗಳ ಒಳಮೈಗಳ ನಡುವಣ ದೂರವನ್ನು ಗೇಜು ಎನ್ನುತ್ತೇವೆ. ಯುರೋಪಿನ ಬಹುಭಾಗದಲ್ಲಿ ಅದು 1435 ಮಿ.ಮೀ. ಇದನ್ನು 35ರಿಂದ ಭಾಗಿಸಿದರೆ 41 ಮಿ.ಮೀ. ಬರುತ್ತದೆ. ನನಗೆ ಬೇಕಾಗಿದ್ದುದು ಇಷ್ಟೇ. ನಾನು ತಂದ 45 ಮಿ.ಮೀ. ಹಳಿಯನ್ನು 35ರಿಂದ ಗುಣಿಸಿದರೆ 1575 ಮಿ.ಮೀ. ಆಗುತ್ತದೆ; ಅದು ಜರ್ಮನಿಗೂ ಹೊಂದದು, ರಷ್ಯಕ್ಕೂ ಹೊಂದದು.

ಆಟಿಕೆ ರೈಲುಗಳವರು ತಮ್ಮ ಹಳಿಗಳನ್ನು ಬೇರೆ ಪ್ರಮಾಣಗಳಿಗಾಗಿ ಮಾಡಿದ್ದಾರೆ. 16.5 ಮಿ.ಮೀ. ಹಳಿ 87ರಲ್ಲಿ ಒಂದು ಪ್ರಮಾಣಕ್ಕೂ, 45 ಮಿ.ಮೀ. ಹಳಿ 32ರಲ್ಲಿ ಒಂದು ಪ್ರಮಾಣಕ್ಕೂ ಸಲ್ಲುತ್ತವೆ. ಹಾಗಾದರೆ ಟ್ಯಾಂಕುಗಳಿಗೆ 35 ಎಂಬ ಸಂಖ್ಯೆ ಎಲ್ಲಿಂದ ಬಂದಿತು? ಜಪಾನಿನ ತಮಿಯಾ ಸಂಸ್ಥೆ 1960ರ ದಶಕದ ಆರಂಭದಲ್ಲಿ, ಮೋಟಾರಿನಿಂದ ಓಡುವ ಪ್ಯಾಂಥರ್ ಟ್ಯಾಂಕಿನ ಪ್ರತಿಕೃತಿಯನ್ನು ಹೊರತಂದಿತು. ಒಳಗೆ ಮೋಟಾರೂ ಬ್ಯಾಟರಿಗಳೂ ಹಿಡಿಸುವಷ್ಟು ದೊಡ್ಡದಾಗಿ ಅದನ್ನು ಮಾಡಿದಾಗ ಪ್ರಮಾಣ 35ರಲ್ಲಿ ಒಂದಕ್ಕೆ ಬಂದು ನಿಂತಿತು. ಅದೇ ಮುಂದೆ ವಾಡಿಕೆಯಾಯಿತು. ಬ್ಯಾಟರಿಯಿಂದ ಹುಟ್ಟಿದ ಪ್ರಮಾಣಕ್ಕೆ ಆಟಿಕೆ ರೈಲಿನ ಹಳಿ ಹೊಂದದಿರುವುದು ಸಹಜವೇ ಸರಿ.

ಕೆಲವೆಡೆ ಆಕಸ್ಮಿಕವಾಗಿ ಹೊಂದಿಕೆ ಉಂಟಾಗುವುದೂ ಉಂಟು. ಮೊದಲನೆಯ ಮಹಾಯುದ್ಧದಲ್ಲಿ ಕಂದಕಗಳವರೆಗೆ ಗುಂಡು, ಆಹಾರಗಳನ್ನು ಒಯ್ಯಲು 600 ಮಿ.ಮೀ. ಗೇಜಿನ ಲಘು ರೈಲುಗಳನ್ನು ಹಾಕಿದ್ದರು. 16.5ನ್ನು 35ರಿಂದ ಗುಣಿಸಿದರೆ 577.5, ದೋಷ ನೂರಕ್ಕೆ ನಾಲ್ಕಕ್ಕಿಂತಲೂ ಕಡಿಮೆ. ಆದುದರಿಂದ ಅಗ್ಗದ ಆಟಿಕೆ ಹಳಿಯೇ ಅಲ್ಲಿ ಸಾಕು; ಸ್ಲೀಪರುಗಳನ್ನು ಮಾತ್ರ ಬದಲಾಯಿಸಬೇಕು. ಅಂತೆಯೇ 48ರಲ್ಲಿ ಒಂದು ಪ್ರಮಾಣದವರು 32 ಮಿ.ಮೀ. ಹಳಿಯನ್ನು ತಂದರೆ 1536 ಮಿ.ಮೀ. ದೊರೆಯುತ್ತದೆ. ಇದು ರಷ್ಯದ ಹಳೆಯ ಗೇಜಾದ 1524 ಮಿ.ಮೀ.ಗೆ ಬಹು ಸಮೀಪ. ಚೀನದ ಟ್ರಂಪೆಟರ್ ಮೊದಲಾದ ತಯಾರಕರು 35ರ ಪ್ರಮಾಣದಲ್ಲಿಯೇ ಜರ್ಮನ್ ಹಳಿಯ ಪ್ಲಾಸ್ಟಿಕ್ ಜೋಡಣೆಗಳನ್ನು ಹೊರತಂದಿರುವುದರಿಂದ, ಯುರೋಪಿನ ದೃಶ್ಯ ಸಾಕೆನ್ನುವವರು ಅವನ್ನು ಹುಡುಕಬಹುದು. ನಮ್ಮ ದೇಶದ ಬ್ರಾಡ್‌ಗೇಜಿಗೆ 47.9 ಮಿ.ಮೀ., ಮೀಟರ್‌ಗೇಜಿಗೆ 28.6 ಮಿ.ಮೀ. ಬೇಕು, ಈ ಅಳತೆಗಳನ್ನು ಕೈಯಾರೆ ಮಾಡಿಕೊಳ್ಳುವುದೇ ಸರಿಯಾದ ದಾರಿ.

ಎಂಬತ್ತೊಂಬತ್ತು ಮಿಲಿಮೀಟರು

ಕೆಲವು ಮಿಲಿಮೀಟರುಗಳಿಗಾಗಿ ಇಷ್ಟೊಂದು ಚರ್ಚೆ ಏಕೆ ಎಂದು ಓದುಗರು ಕೇಳಬಹುದು. 1941ನೆಯ ಜೂನ್ 22ರಂದು ಜರ್ಮನ್ ಸೈನ್ಯ ಸೋವಿಯತ್ ದೇಶದ ಮೇಲೆ ಎರಗಿದಾಗ ನಡೆದುದನ್ನು ನೋಡೋಣ. ಜರ್ಮನಿಯ ಗೇಜು 1435, ಸೋವಿಯತ್ ಗೇಜು 1524. ವ್ಯತ್ಯಾಸ 89 ಮಿ.ಮೀ., ಎಂದರೆ ಒಂದು ಅಂಗೈಯ ಅಗಲ. ಅಷ್ಟರಿಂದಲೇ ಜರ್ಮನ್ ಗಾಡಿಗಳು ಗಡಿಯಲ್ಲಿ ನಿಲ್ಲಬೇಕಾಯಿತು. ಹಿಮ್ಮೆಟ್ಟುತ್ತಿದ್ದ ಸೋವಿಯತ್ತರು ತಮ್ಮ ಎಂಜಿನುಗಳನ್ನೂ ವ್ಯಾಗನ್ನುಗಳನ್ನೂ ಆದಷ್ಟು ಪೂರ್ವಕ್ಕೆ ಒಯ್ದಿದ್ದರು. ಉಳಿದ ಉಪಾಯವೆಂದರೆ ಕಂಬಿಯನ್ನೇ ಸರಿಸುವುದು. ಜರ್ಮನ್ ರೈಲ್ವೆ ದಳಗಳು ಮೊಳೆಗಳನ್ನು ಕಿತ್ತು, ಕಂಬಿಯನ್ನು 89 ಮಿ.ಮೀ. ಒಳಕ್ಕೆ ತಂದು, ಮತ್ತೆ ಮೊಳೆ ಹೊಡೆಯುತ್ತ ಸಾಗಿದವು. ಟ್ಯಾಂಕುಗಳು ಮುಂದೆ ಓಡಿದರೂ ಅವುಗಳ ಪೆಟ್ರೋಲು ಈ ಸುತ್ತಿಗೆಗಳ ವೇಗದಲ್ಲಿಯೇ ಹಿಂಬಾಲಿಸಬೇಕಾಗಿತ್ತು. ಕಂಬಿ ಮುಗಿದಲ್ಲಿಂದ ಮುಂದಕ್ಕೆ ಲಾರಿಗಳೂ ಕುದುರೆಗಾಡಿಗಳೂ ಹೊರೆ ಹೊತ್ತವು. ಚಳಿಗಾಲ ಬಂದಾಗ ಜರ್ಮನ್ ಎಂಜಿನುಗಳ ಹೊರಗಿನ ಕೊಳವೆಗಳು ಹೆಪ್ಪುಗಟ್ಟಿ ಒಡೆದವು.

ಅಗಲವಾದ ಹಳಿಯನ್ನು ಕಿರಿದುಗೊಳಿಸುವುದು ಸುಲಭ, ಏಕೆಂದರೆ ಸ್ಲೀಪರು ಸಾಕಷ್ಟು ಉದ್ದವಾಗಿಯೇ ಇರುತ್ತದೆ. ಕಿರಿದಾದುದನ್ನು ಅಗಲಿಸುವುದು ಕಷ್ಟ. 1992ರಲ್ಲಿ ಆರಂಭವಾದ ಏಕಗೇಜ್ ಯೋಜನೆಯಲ್ಲಿ ನಮ್ಮ ಮೀಟರ್‌ಗೇಜ್ ಮಾರ್ಗಗಳನ್ನು ಬ್ರಾಡ್‌ಗೇಜಿಗೆ ತಂದಾಗ ಹಳೆಯ ಗಿಡ್ಡ ಸ್ಲೀಪರುಗಳು ಉಪಯೋಗಕ್ಕೆ ಬಾರದೆ ಹೋದುದನ್ನು ಹಿರಿಯ ಓದುಗರು ಕಂಡಿರಬಹುದು.

89 ಮಿ.ಮೀ. ನಮ್ಮ ಪ್ರತಿಕೃತಿಯಲ್ಲಿ ಎರಡೂವರೆ ಮಿ.ಮೀ. ಆಗುತ್ತದೆ. ಪರಿವರ್ತಿತ ಮಾರ್ಗವನ್ನು ತೋರಿಸುವವರು ಒಂದು ಕಂಬಿಯ ಹೊರಗೆ, ಎರಡೂವರೆ ಮಿ.ಮೀ. ದೂರದಲ್ಲಿ, ಪ್ರತಿಯೊಂದು ಸ್ಲೀಪರಿನ ಮೇಲೂ ಹಳೆಯ ಮೊಳೆಗಳ ತೂತುಗಳನ್ನು ಸೂಜಿಯಿಂದ ಚುಚ್ಚಬೇಕು. ಕಂಬಿಯ ಪಾದ ಹಿಂದೆ ಒತ್ತಿದ್ದ ಗುರುತನ್ನೂ ತೋರಿಸಬೇಕು. ಆಗ ಸ್ಲೀಪರು ಆ ಬದಿಗೆ ತುಸು ಹೆಚ್ಚು ಚಾಚಿದಂತೆ ಕಾಣುತ್ತದೆ. ಇದು ತಪ್ಪಲ್ಲ, ಚರಿತ್ರೆ.

ಕಟ್ಟುವ ಕ್ರಮ

ಅಲ್ಲಿನ ಮರದ ಸ್ಲೀಪರು ಸುಮಾರು 2.7 ಮೀಟರ್ ಉದ್ದ. ನಮಗೆ 77 ಮಿ.ಮೀ. ಉದ್ದ, 7 ಮಿ.ಮೀ. ಅಗಲ, ನಾಲ್ಕೂವರೆ ಮಿ.ಮೀ. ದಪ್ಪದ ಕಡ್ಡಿಗಳು ಬೇಕು. ಎಳೆ ನಯವಾಗಿರುವ ಮರವನ್ನೇ ಆರಿಸಬೇಕು, ಒಂದು ಮಿ.ಮೀ. ಬಿರುಕು ಈ ಪ್ರಮಾಣದಲ್ಲಿ ಮೂರೂವರೆ ಸೆಂಟಿಮೀಟರಿನ ಸೀಳಾಗುತ್ತದೆ. 13–14 ಸೆಂಟಿಮೀಟರ್ ಎತ್ತರದ ಕಂಬಿಗೆ ಸುಮಾರು 4 ಮಿ.ಮೀ. ಎತ್ತರದ ಕಂಬಿ ಸಾಕು. ಅಂಗಡಿಗಳಲ್ಲಿ ಮಾದರಿ ಕಂಬಿಯ ಎತ್ತರವನ್ನು ಅಂಗುಲದ ಸಾವಿರದ ಪಾಲುಗಳಲ್ಲಿ ಹೇಳುವರು. 148 ಎಂದರೆ 3.8 ಮಿ.ಮೀ., 172 ಎಂದರೆ 4.4 ಮಿ.ಮೀ. ಒಂದು ಹಿತ್ತಾಳೆಯ ತಗಡಿನಲ್ಲಿ ಗೇಜಿಗೆ ಸರಿಯಾಗಿ ಎರಡು ಕಚ್ಚು ಕೊರೆದಿಟ್ಟುಕೊಂಡರೆ, ಅದನ್ನು ಕಂಬಿಗಳ ಮೇಲೆ ಕೂರಿಸಿ ಸರಿಸುತ್ತ ಅಂತರವನ್ನು ಕೊನೆಯವರೆಗೂ ಸಮನಾಗಿ ಕಾಯ್ದುಕೊಳ್ಳಬಹುದು.

ಸೋವಿಯತ್ ಕಂಬಿಯ ವಾಡಿಕೆಯ ಉದ್ದ 12.5 ಮೀಟರ್; ನಮಗೆ ಅದು 36 ಸೆಂಟಿಮೀಟರ್. ಉಷ್ಣತೆ 40 ಡಿಗ್ರಿ ಏರಿದರೆ ಇಷ್ಟು ಉದ್ದದ ಉಕ್ಕು 6 ಮಿ.ಮೀ. ಹಿಗ್ಗುವುದರಿಂದ ಜೋಡಣೆಯಲ್ಲಿ ಸಂದು ಬಿಟ್ಟಿರುತ್ತಾರೆ. ಪ್ರತಿಕೃತಿಯಲ್ಲಿ ಆ ಸಂದು ಒಂದು ದಪ್ಪ ಕಾಗದದಷ್ಟು ಮಾತ್ರ.

ಜಲ್ಲಿಯ ವಿಷಯದಲ್ಲಿ ಹಲವರು ಎಡವುತ್ತಾರೆ. 3ರಿಂದ 6 ಸೆಂಟಿಮೀಟರಿನ ಜಲ್ಲಿ ನಮ್ಮಲ್ಲಿ ಇಡ್ಲಿ ರವೆಯ ಗಾತ್ರವಾಗುತ್ತದೆ. (ರವೆಯನ್ನೇ ಹಾಕಬಾರದು, ಇರುವೆಗಳಿಗೆ ಇತಿಹಾಸದ ಗೌರವವಿಲ್ಲ. ಕಲ್ಲನ್ನು ಕುಟ್ಟಿ ಜರಡಿ ಹಿಡಿಯಬೇಕು.) ರಷ್ಯದ ಅನೇಕ ಮಾರ್ಗಗಳಲ್ಲಿ ಜಲ್ಲಿಗೆ ಬದಲು ಮರಳು ಇತ್ತು. ಆದರೆ ನಿಜವಾದ ಮರಳು ಇಲ್ಲಿ ಮರಳಲ್ಲ! ಅರ್ಧ ಮಿ.ಮೀ. ಕಣ 17 ಮಿ.ಮೀ. ಬೆಣಚುಕಲ್ಲಾಗಿ ಕಾಣುತ್ತದೆ; ಬಟ್ಟೆಯಲ್ಲಿ ಸೋಸಿದ ಕಲ್ಲಿನ ಹುಡಿ ಬೇಕು. ಅಂಟನ್ನು ನೀರಿನಲ್ಲಿ ತೆಳುಮಾಡಿ ಒಂದು ತೊಟ್ಟು ಸಾಬೂನು ದ್ರಾವಣವನ್ನು ಸೇರಿಸಿದರೆ ಮೇಲ್ಮೈ ಎಳೆತ ತಗ್ಗಿ, ಅಂಟು ಹುಡಿಯನ್ನು ಉರುಳಿಸದೆ ಒಳಕ್ಕೆ ಇಳಿಯುತ್ತದೆ.

ತೂಕವಿಲ್ಲದ ರೈಲು

ಕೊನೆಯದೊಂದು ತೊಡಕು ಉಳಿದಿದೆ. ಉದ್ದವನ್ನು 35ರಿಂದ ಭಾಗಿಸಿದಾಗ ಗಾತ್ರವು 35ರ ಘನ, ಎಂದರೆ 42,875 ಪಟ್ಟು ಕುಗ್ಗುತ್ತದೆ. 1942ರಿಂದ ತಯಾರಾದ ಜರ್ಮನಿಯ 52ನೆಯ ವರ್ಗದ ಯುದ್ಧಕಾಲದ ಎಂಜಿನು 84 ಟನ್ನು ತೂಗುತ್ತಿತ್ತು. ಅದೇ ಲೋಹದಿಂದ ಅದರ ಪ್ರತಿಕೃತಿಯನ್ನು ಮಾಡಿದರೂ ಅದು 2 ಕಿಲೋಗ್ರಾಮಿಗಿಂತ ತುಸು ಕಡಿಮೆಯೇ ತೂಗುತ್ತದೆ. ಪ್ಲಾಸ್ಟಿಕ್ಕಿನದಾದರೆ ಇನ್ನೂ ಹಗುರ. ಭಾರವನ್ನು ಹೊರುವ ಮೇಲ್ಮೈ 1,225 ಪಟ್ಟು ಮಾತ್ರ ಕುಗ್ಗುವುದರಿಂದ ನೆಲದ ಮೇಲಿನ ಒತ್ತಡ ನಿಜದ 35ರಲ್ಲಿ ಒಂದು ಪಾಲನ್ನೂ ಮುಟ್ಟುವುದಿಲ್ಲ. ನಿಜವಾದ ಹಳಿಯಲ್ಲಿ ಭಾರವು ಜೋಡಣೆಗಳ ಬಳಿ ಸ್ಲೀಪರುಗಳನ್ನು ತಗ್ಗಿಸುತ್ತದೆ, ಕಂಬಿಯ ಪಾದವನ್ನು ಮರದೊಳಕ್ಕೆ ಒತ್ತುತ್ತದೆ, ಕಂಬಿಯ ನೆತ್ತಿಯನ್ನು ಉಜ್ಜಿ ಹೊಳಪಿಸುತ್ತದೆ. ನಮ್ಮ ಹಗುರ ರೈಲು ಇದಾವುದನ್ನೂ ಮಾಡಲಾರದು. ಅವೆಲ್ಲವನ್ನೂ ಕಟ್ಟುವವನೇ ಅರದಿಂದಲೂ ಕುಂಚದಿಂದಲೂ ಮಾಡಬೇಕು: ಜೋಡಣೆಯ ಕೆಳಗೆ ಅರ್ಧ ಮಿ.ಮೀ. ತಗ್ಗು, ಕಂಬಿಯ ಪಕ್ಕಗಳಿಗೆ ತುಕ್ಕಿನ ಬಣ್ಣ, ನೆತ್ತಿಗೆ ಬೆಳ್ಳಿಯ ಗೆರೆ.

ಎರಡನೆಯ ಸಲ ನಾನು ಹಳಿಯನ್ನು ಕೊಳ್ಳಲಿಲ್ಲ. ಒಂದು ಬೇಸಿಗೆಯ ರಜೆಯಲ್ಲಿ ಇಪ್ಪತ್ತು ಸ್ಲೀಪರುಗಳ ಪರಿವರ್ತಿತ ಮಾರ್ಗವೊಂದನ್ನು ಕಟ್ಟಿದೆ. ಕಾಲೇಜಿನಲ್ಲಿ ಅದನ್ನು ಇಟ್ಟಾಗ ಬಂದವರೆಲ್ಲ ಮೊದಲು ವ್ಯಾಗನ್ನನ್ನು ಹೊಗಳಿದರು. ಬಹಳ ಹೊತ್ತಿನ ಮೇಲೆ ವಿದ್ಯಾರ್ಥಿನಿಯೊಬ್ಬಳು ಬಗ್ಗಿ ನೋಡಿ, “ಸಾರ್, ಈ ಬದಿಯಲ್ಲಿ ಮಾತ್ರ ಸಾಲಾಗಿ ತೂತುಗಳು ಏಕಿವೆ?” ಎಂದು ಕೇಳಿದಳು. ಆ ದಿನ ಎಂಬತ್ತೊಂಬತ್ತು ಮಿಲಿಮೀಟರಿನ ಕಥೆಯನ್ನು ನಾನು ಮೊದಲ ಬಾರಿಗೆ ಹೇಳಿದೆ.