ಅಂಕಣಗಳ ಮನೆ: ಪಾಲಾಗುವ ಮುನ್ನ ಒಂದು ಮಾತು

ಜಮಖಂಡಿಯಿಂದ ವಿಜಯಪುರಕ್ಕೆ ಸಾಗುವ ರಸ್ತೆಯು ಕೃಷ್ಣಾ ನದಿಯನ್ನು ದಾಟುವಲ್ಲಿ ಚಿಕ್ಕಪಡಸಲಗಿ ಗ್ರಾಮವಿದೆ. ದಿವಂಗತ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಕೂಡಿಸಿ, ಬೆವರು ಸುರಿಸಿ 1989ರಲ್ಲಿ ಇಲ್ಲಿ ಕಟ್ಟಿದ ಬ್ಯಾರೇಜು ‘ಶ್ರಮಬಿಂದು ಸಾಗರ’ವೆಂದು ನಾಡಿಗೆಲ್ಲ ಪರಿಚಿತವಾಗಿದೆ. ಆದರೆ ಈ ಸೀಮೆಯ ಜನರು ಕೂಡಿ ದುಡಿದುದಕ್ಕೆ ಅದಕ್ಕಿಂತಲೂ ಹಳೆಯ ಸಾಕ್ಷಿಯೊಂದುಂಟು. ಅದೇ ಮರದ ಕಂಬ, ತೊಲೆಗಳ ಹಳ್ಳಿಮನೆ.

ಈ ಭಾಗದಲ್ಲಿ ಮನೆಯನ್ನು ಅಳೆಯುವುದು ಅಂಕಣಗಳಿಂದ. ಕಂಬ ಕಂಬಗಳ ನಡುವಿನ ಅವಕಾಶವೇ ಅಂಕಣ. ಅಡಿಗಲ್ಲಿನ ಮೇಲೆ ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿ, ಅದರ ಮೇಲೆ ಹಲಗೆ ಹಾಗೂ ಮಣ್ಣಿನ ಮೇಲ್ಮುದ್ದೆ. ಅನುಕೂಲವಂತರು ಪಶ್ಚಿಮದ ಕಾಡುಸೀಮೆಯ ಸಾಗವಾನಿಯನ್ನು ತರಿಸಿದರು. ಉಳಿದವರು ಹೊಲದ ಬೇವು, ಜಾಲಿಗಳನ್ನೇ ಬಳಸಿದರು. ಮಾಳಿಗೆಯ ಭಾರವನ್ನು ಕಂಬಗಳು ಹೊರುವ ಕಡೆ, ಗೋಡೆ ಕುಸಿದರೂ ಮನೆಯ ಅಸ್ಥಿಪಂಜರ ನಿಲ್ಲುತ್ತದೆ. ದಪ್ಪನೆಯ ಮಣ್ಣು ಬೇಸಿಗೆಯ ಉರಿಯನ್ನು ಒಳಗೆ ಬಿಡದು.

ಹೊಸ್ತಿಲು ದಾಟಿದೊಡನೆ ಎದುರಾಗುವುದು ದನಗಳ ಅಂಕಣ, ಅಲ್ಲಿಯ ಗೋದಲಿ. ಕ್ರಿಸ್ಮಸ್ ಕಾಲದಲ್ಲಿ ನಾವು ಅಕ್ಕರೆಯಿಂದ ಕಟ್ಟುವ ಗೋದಲಿಯು ಅಲ್ಲಿ ವರ್ಷವಿಡೀ ಮನೆಯ ಒಳಗಿನ ವಸ್ತುವೇ ಆಗಿದೆ. ಅದರಾಚೆ ಎತ್ತರದ ಪಡಸಾಲೆ. ಇನ್ನೂ ಒಳಗೆ ಅಡುಗೆಮನೆ, ಮಾಳಿಗೆಯ ಬೆಳಕಿಂಡಿಯಿಂದ ಇಳಿಯುವ ಬೆಳಕು.

ಇಂತಹ ಮನೆಗಳು ಇಂದು ಏಕೆ ಕರಗುತ್ತಿವೆ? ನೀರು ಬಂದಿತು, ಕಬ್ಬು ಬೆಳೆಯಿತು, ಕಾಂಕ್ರೀಟಿನ ಮನೆ ಏಳಿಗೆಯ ಗುರುತಾಯಿತು. ಇದರಲ್ಲಿ ತಪ್ಪೇನೂ ಇಲ್ಲ. 2019ರ ಆಗಸ್ಟ್ ತಿಂಗಳ ಮಹಾಪೂರದಲ್ಲಿ ಕೃಷ್ಣಾ ತೀರದ ಅನೇಕ ಮಣ್ಣಿನ ಮನೆಗಳು ನೆಲಕಚ್ಚಿದವು. ಆಲಮಟ್ಟಿ ಜಲಾಶಯದಿಂದಾಗಿ ಹಳೆಯ ಬಾಗಲಕೋಟೆಯ ಎಷ್ಟೋ ಕುಟುಂಬಗಳು ನವನಗರಕ್ಕೆ ಹೋದವು. ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಾಧಿಕರಣವು 2010ರಲ್ಲಿ ಸಮ್ಮತಿಸಿದ ಬಳಿಕ ಇನ್ನಷ್ಟು ಊರುಗಳು ಮುಳುಗಡೆಯ ಪಟ್ಟಿಯಲ್ಲಿವೆ.

ಆದರೂ ನೀರಿಗಿಂತ ಮೊದಲೇ ಮನೆಯನ್ನು ಕೆಡವಬಲ್ಲುದು ಅಣ್ಣತಮ್ಮಂದಿರ ಪಾಲು. ಅಂಕಣಗಳನ್ನು ಎಣಿಸಿ ಹಂಚುವುದು ಸುಲಭ. ಪಡಸಾಲೆಯ ನಡುವೆ ಗೋಡೆ ಎಬ್ಬಿಸುವುದೂ ಸುಲಭ. ಆದರೆ ತೊಲೆಯು ಇಬ್ಬರ ಪಾಲಿನ ಮೇಲೂ ಹಾದುಹೋಗಿರುತ್ತದೆ. ಒಬ್ಬನು ತನ್ನ ಕಂಬವನ್ನು ಕಿತ್ತು ಮಾರಿದರೆ ಇನ್ನೊಬ್ಬನ ಮಾಳಿಗೆ ಬಾಗುತ್ತದೆ. ಸಾಗವಾನಿಗೆ ಬೆಲೆ ಕಟ್ಟುವ ವ್ಯಾಪಾರಿಯು ಒಂದೊಂದೇ ಕಂಬವನ್ನು ನೋಡುತ್ತಾನೆ. ಮನೆಯ ಬೆಲೆಯಾದರೋ ಅವೆಲ್ಲವೂ ಒಂದನ್ನೊಂದು ಹೊತ್ತು ನಿಂತಿರುವುದರಲ್ಲಿದೆ.

ಕಾನೂನು ಇಲ್ಲಿ ಹೆಚ್ಚು ನೆರವಾಗದು. ಸ್ಮಾರಕಗಳ ರಕ್ಷಣೆಗೆ 1958ರ ಕೇಂದ್ರ ಕಾಯ್ದೆಯೂ 1961ರ ರಾಜ್ಯದ ಕಾಯ್ದೆಯೂ ಇವೆಯಾದರೂ, ಬೇಸಾಯಗಾರನ ವಾಸದ ಮನೆ ಆ ಪಟ್ಟಿಯನ್ನು ಸೇರುವುದು ಅಪರೂಪ. ಮಣಿಪಾಲದಲ್ಲಿ ದಿವಂಗತ ವಿಜಯನಾಥ ಶೆಣೈ ಅವರು ಹಳೆಯ ಮನೆಗಳ ಮರವನ್ನು ಬಿಡಿಬಿಡಿಯಾಗಿ ತಂದು, ಹಿಂದಿನಂತೆಯೇ ಜೋಡಿಸಿ ‘ಹಸ್ತಶಿಲ್ಪ’ ಪರಂಪರೆ ಗ್ರಾಮವನ್ನು ಕಟ್ಟಿದರು. ನಮ್ಮ ಪಕ್ಕದ ಮುಧೋಳ ಅರಮನೆಯ ದರ್ಬಾರ್ ಸಭಾಂಗಣವೂ ಅಲ್ಲಿಯೇ ಇದೆ. ಇದು ದೊಡ್ಡ ಸೇವೆ. ಆದರೆ ಅಲ್ಲಿ ಉಳಿದಿರುವುದು ಕಟ್ಟಡ. ಅದರಲ್ಲಿ ಹುಟ್ಟಿ, ಮುದುಕರಾಗಿ, ಅಲ್ಲಿಯೇ ಕಣ್ಣುಮುಚ್ಚುವ ಜನರಲ್ಲ.

ಹೀಗಿರಲು ಮನೆಯವರೇ ಮಾಡಬಹುದಾದ ಕೆಲಸಗಳಿವೆ. ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಕರಲು ಮಣ್ಣು ಹರಡಿ ಸೋರುವುದನ್ನು ತಡೆಯಿರಿ. ಕಂಬಗಳ ಬುಡದಲ್ಲಿ ಗೆದ್ದಲು, ತೇವಗಳನ್ನು ಪರೀಕ್ಷಿಸಿರಿ. ಮಣ್ಣಿನ ಗೋಡೆಗೆ ಸಿಮೆಂಟ್ ಬಳಿಯದಿರಿ. ಅದು ತೇವವನ್ನು ಒಳಗೇ ಹಿಡಿದಿಡುತ್ತದೆ. ಕೆಡವಲೇಬೇಕಾದ ಪ್ರಸಂಗ ಬಂದರೆ ಮೊದಲು ಛಾಯಾಚಿತ್ರ ತೆಗೆದು, ನಕ್ಷೆ ಬರೆದು, ಪ್ರತಿ ಮರಕ್ಕೂ ಅಂಕೆ ಹಾಕಿರಿ. ಜೋಡಣೆ ತಿಳಿದ ಹಿರಿಯ ಬಡಿಗರಿದ್ದರೆ ಕಿರಿಯರನ್ನು ಅವರ ಪಕ್ಕದಲ್ಲಿ ಕೂರಿಸಿರಿ. ಎಲ್ಲಕ್ಕಿಂತ ಮಿಗಿಲಾಗಿ, ಪಾಲುಪತ್ರ ಬರೆಯುವ ದಿನ ಎಲ್ಲರೂ ಒಮ್ಮೆ ಪಡಸಾಲೆಯಲ್ಲಿ ಕುಳಿತು ತಲೆಯೆತ್ತಿ ನೋಡಿರಿ.

ನದಿಗೆ ಅಡ್ಡಲಾಗಿ ಕಟ್ಟೆ ಕಟ್ಟಲು ಊರೇ ಒಂದಾದ ನೆಲವಿದು. ಒಂದು ತೊಲೆಯನ್ನು ಉಳಿಸಲು ಒಂದೇ ತಾಯಿಯ ಮಕ್ಕಳು ಒಂದಾಗಲಾರರೇ?