ನಿಮಗಿದು ಗೊತ್ತೆ? ಬಚ್ಚಲೊಲೆಯೊಳಗೊಂದು ಬೆಕ್ಕು

ಭಟ್ಕಳ, ಹೊನ್ನಾವರ, ಕುಮಟಾದಲ್ಲಿ ಎಂಥ ಚಳಿ ಅನ್ನಬಹುದು. ಡಿಸೆಂಬರ್-ಜನವರಿಯಲ್ಲೂ ಮಧ್ಯಾಹ್ನ 32 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಸೆಕೆ. ಆದರೆ ಬೆಳಗಿನ ಜಾವ ತಾಪಮಾನ 20ರ ಹತ್ತಿರಕ್ಕೆ, ಕೆಲವೊಮ್ಮೆ ಇನ್ನೂ ಕೆಳಗೆ ಇಳಿಯುತ್ತದೆ. ಆಗ ಬಚ್ಚಲೊಲೆಯ ಬೆಚ್ಚನೆ ಬೂದಿಯಲ್ಲಿ ಮಲಗೆದ್ದ ಬೆಕ್ಕು ಮೈಯೆಲ್ಲ ಬೆಳ್ಳಗೆ ಮಾಡಿಕೊಂಡು ಈಚೆ ಬರುತ್ತದೆ. ಬೆಂಕಿ ಹಾಕುವ ಮುಂಚೆ ಒಲೆಯೊಳಗೊಮ್ಮೆ ಇಣುಕಬೇಕು. ಕಾರು ಹೊರಡಿಸುವ ಮುಂಚೆ ಬಾನೆಟ್ ತಟ್ಟಬೇಕು. ಬಿಸಿ ಎಂಜಿನ್ ಬೆಕ್ಕಿನ ಇನ್ನೊಂದು ಹಾಸಿಗೆ.

ಚಳಿ ನಾಯಿಮರಿಗೂ ಕಷ್ಟ. ನಾಯಿಯ ಸಹಜ ಮೈಶಾಖ 38ರಿಂದ 39 ಡಿಗ್ರಿ. ಹುಟ್ಟಿದ ಮರಿಗೆ ಮೊದಲ ವಾರ 35-36 ಅಷ್ಟೇ. ನಡುಗಿ ಮೈ ಕಾಯಿಸಿಕೊಳ್ಳಲೂ ಅದಕ್ಕೆ ಬಾರದು. ಮೈ ತಣ್ಣಗಾದ ಮರಿಗೆ ಹಾಲು ಅರಗುವುದಿಲ್ಲ. ಮೊದಲು ಬಿಸಿ, ಆಮೇಲೆ ಹಾಲು. ಸಿಮೆಂಟ್ ನೆಲದ ಮೇಲೊಂದು ಗೋಣಿಚೀಲ ಹಾಸಿದರೂ ಎಷ್ಟೋ ವಾಸಿ.

ಕೊಟ್ಟಿಗೆಯ ಮಲೆನಾಡು ಗಿಡ್ಡ ತಳಿಯ ದನಕ್ಕೆ ಒಣ ದರಕೇ ಹಾಸು. ಬೆಟ್ಟದಲ್ಲಿ ಗುಡಿಸಿ ತಂದ ಈ ತರಗೆಲೆ ನೆಲದ ಥಂಡಿ ತಡೆಯುತ್ತದೆ, ಗಂಜಲ ಹೀರುತ್ತದೆ, ಕಡೆಗೆ ಗೊಬ್ಬರವಾಗಿ ತೋಟ ಸೇರುತ್ತದೆ.

ಬೆಕ್ಕು ಸೀನಿತೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರ ಕೊಡುವಂತಿಲ್ಲ. ಅದನ್ನು ನಿರ್ವಿಷಗೊಳಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಒಂದೇ ಮಾತ್ರೆ ಜೀವ ತೆಗೆಯಬಹುದು.